ಎರವಲು ಕೆಂಡ

ಮೆರ್ಸೀಲಿಯಾ ದಿನಾ ಬೆಳಿಗ್ಗೆ ಒಲೆ ಹೊತ್ತಿಸಿದ ಮೇಲೆ, ಚೆನ್ನಾಗಿ ಹತ್ತಿಕೊಂಡ ದಪ್ಪ ಕೆಂಡವೊಂದನ್ನು ಆರಿಸಿ ಒಲೆಯ ಅಂಚಿಗೆ ಸರಿಸಿಡುತ್ತಿದ್ದಳು. ಯಾರಿಗೆ ಅಂತ ಕೇಳಿದರೆ "ಯಾರಿಗೂ ಇಲ್ಲ, ಕೈಗೆ ಅಭ್ಯಾಸ" ಅನ್ನುವಳು. ಶುದ್ಧ ಸುಳ್ಳು. ಅದು ಅಂಗಳದ ಆಚೆ ಬದಿಯ ಒದಾನಿಗೆ ಅಂತ ನಮ್ಮ ಗುಡ್ಡದಲ್ಲಿ ಗೊತ್ತಿಲ್ಲದವರು ಯಾರು? ಕೆಂಡ ಅಲ್ಲೇ ಕೂತು ಕೂತು, ಮೈಮೇಲೆ ಬೂದಿ ಹೊದ್ದುಕೊಂಡು, ಒಳಗೊಳಗೇ ಸಣ್ಣಗಾಗಿ, ಕೊನೆಗೆ ಒಂದು ಚಿಟಿಕೆ ಬಿಳಿ ಪುಡಿಯಾಗುತ್ತಿತ್ತು. ಒದಾನಿ ಬರುತ್ತಿರಲಿಲ್ಲ. ಮರುದಿನ ಮೆರ್ಸೀಲಿಯಾ ಇನ್ನೊಂದು ಸರಿಸಿಡುವಳು.

ಜಾಕ್‌ಮೆಲ್ ಅನ್ನುವ ನಮ್ಮ ದ್ವೀಪದ ಕಡಲಂಚಿನ ಪೇಟೆಯಿಂದ ಮೇಲೆ ಹತ್ತಿ ಬಂದರೆ ಸಿಗುವ ಆ ಅಂಗಳದ ಸುತ್ತ ಒಂದು ಕಾಲಕ್ಕೆ ಏಳೆಂಟು ಮನೆಗಳಿದ್ದವು. ಕೆಲವನ್ನು ಚಂಡಮಾರುತ ಹೊತ್ತುಕೊಂಡು ಹೋಯಿತು, ಕೆಲವರು ಪೇಟೆಗೆ ಇಳಿದರು, ಕೆಲವರು ಮಣ್ಣಿಗೆ ಇಳಿದರು. ಉಳಿದದ್ದು ಎರಡು ಮನೆ, ಎರಡು ಹೆಂಗಸರು. ಮೆರ್ಸೀಲಿಯಾಳ ಗಂಡ ಗಡಿ ದಾಟಿ ಕಬ್ಬು ಕಡಿಯಲು ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ. ಅವನ ಮಾತು ಬಿಡಿ. ಒದಾನಿಯ ಗಂಡ ಅಂತೆನೋರ್ ಒಳ್ಳೆಯವನು, ಅದಕ್ಕೇ ಬೇಗ ಹೋದ. ಒದಾನಿಗೆ ಒಂದು ಗಂಡು ಮಗು ಹುಟ್ಟಿದಾಗ ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಅದನ್ನು ಎತ್ತಿಕೊಂಡು ಜ್ಞಾನತಾಯಿಯಾಗಿ ನಿಂತವಳು ಮೆರ್ಸೀಲಿಯಾ. ಹಾಗೆ ನಿಂತವಳಿಗೂ ಹೆತ್ತವಳಿಗೂ ಆಮೇಲೆ ಹೆಸರಿಲ್ಲ. ಇವಳು ಅವಳಿಗೆ ಕೊಮೆ, ಅವಳು ಇವಳಿಗೆ ಕೊಮೆ. ಮಗು ಜ್ವರಕ್ಕೆ ಹೋಯಿತು. ಕೊಮೆ ಅನ್ನುವುದು ಮಾತ್ರ ಹೋಗಲಿಲ್ಲ.

ಕೆಂಡದ ಪದ್ಧತಿ ಹೀಗೆ. ಬೆಳಿಗ್ಗೆ ಯಾರು ಮೊದಲು ಏಳುತ್ತಾರೋ ಅವರು ಎಣ್ಣೆಯಂಥ ಅಂಟಿರುವ ಕಟ್ಟಿಗೆಯ ಚಕ್ಕೆ ಹಚ್ಚಿ ಇದ್ದಿಲು ಹೊತ್ತಿಸಬೇಕು. ಉಳಿದವರು ತೆಂಗಿನ ಕರಟದ ತಳಕ್ಕೆ ಒಂದಿಷ್ಟು ಬೂದಿ ಹಾಕಿಕೊಂಡು ಬಂದು, ಹೊಸ್ತಿಲ ಆಚೆಯೇ ನಿಂತು "ಮಾನ!" ಅಂತ ಕೂಗಬೇಕು. ಒಳಗಿನವರು "ಮರ್ಯಾದೆ!" ಅನ್ನಬೇಕು. ಅಂದ ಮೇಲಷ್ಟೇ ಕಾಲು ಒಳಗೆ. ಕೆಂಡವನ್ನು ಕೇಳಿಯೇ ತೆಗೆದುಕೊಂಡು ಹೋಗಬೇಕು. ಕೇಳದವರ ಬಾಗಿಲಿಗೆ ಕೆಂಡ ಹೊತ್ತುಕೊಂಡು ಹೋದರೆ ಅದು ಕೆಂಡ ಕೊಡಲು ಬಂದದ್ದಲ್ಲ, ಮನೆ ಸುಡಲು ಬಂದದ್ದು. ಹಾಗೆ ಹೋದವರ ಮೇಲೆ ಪೊರಕೆ ಎತ್ತಿದರೂ ಊರು ಯಾಕೆ ಅಂತ ಕೇಳುವುದಿಲ್ಲ. ಇನ್ನು ಕೆಂಡ ಕೇಳಿ ಬಂದವರು ಹಗೆಯವರೇ ಆಗಿರಲಿ, "ಮರ್ಯಾದೆ" ಅನ್ನದೆ ಬಾಗಿಲು ಹಾಕಿಕೊಂಡರೆ, ಆ ಮನೆಯ ಒಲೆ ವರ್ಷವಿಡೀ ಹೊಗೆಯಾಡುತ್ತದೆಯೇ ಹೊರತು ಹತ್ತುವುದಿಲ್ಲ. ಇದನ್ನೆಲ್ಲ ಯಾರು ಬರೆದಿಟ್ಟರು ಅಂದರೆ ಯಾರೂ ಇಲ್ಲ. ಅಜ್ಜಿಯರು ಹೇಳಿದರು, ನಾವು ಕೇಳಿದೆವು.

ಮೆರ್ಸೀಲಿಯಾಳ ಅಜ್ಜಿಯ ಕಾಲಕ್ಕೆ ಇದ್ದಿಲು ಅಂದರೆ ಪೇಟೆಯವರ ಷೋಕಿ. ಗುಡ್ಡದವರಿಗೆ ಮೂರು ಕಲ್ಲು, ಒಂದು ಹೊರೆ ಸೌದೆ, ಕಣ್ಣು ತುಂಬ ಹೊಗೆ. ಅಪ್ಪನ ಕಾಲಕ್ಕೆ ಪೇಟೆಯವರಿಗಾಗಿ ಇವರೇ ಇದ್ದಿಲು ಸುಡತೊಡಗಿದರು. ಮರದ ತುಂಡುಗಳನ್ನು ಒಟ್ಟಿ, ಮೇಲೆ ಹುಲ್ಲು ಹೊದಿಸಿ, ಮಣ್ಣು ಬಳಿದು, ಒಳಗೆ ಬೆಂಕಿ ಕೂರಿಸಿ, ಬಾಣಂತಿಯನ್ನು ಕಾದ ಹಾಗೆ ಕಾಯುವುದು. ಗಾಳಿ ಜಾಸ್ತಿ ಹೋದರೆ ಎಲ್ಲ ಬೂದಿ, ಕಮ್ಮಿಯಾದರೆ ಹಸಿ ಸೌದೆ ಹಾಗೇ ಉಳಿಯುತ್ತದೆ. ಸುಟ್ಟು ಸುಟ್ಟು ಮಾರಿದವರು ಕೊನೆಗೆ ತಾವೂ ಅದರ ರುಚಿಗೆ ಬಿದ್ದರು. ಎಣ್ಣೆ ಡ್ರಮ್ಮು ಕತ್ತರಿಸಿ ತೂತು ಹೊಡೆದ ತಗಡಿನ ಒಲೆ ಬಂತು, ಕಣ್ಣು ತುಂಬುವ ಹೊಗೆ ಹೋಗಿ ಅದರ ವಾಸನೆಯಷ್ಟೇ ಉಳಿಯಿತು. ರಾತ್ರಿ ಕೆಂಡದ ಮೇಲೆ ಬೂದಿ ಮುಚ್ಚಿ ಹುರುಳಿಕಾಯಿ ಕಾಳಿನ ಮಡಕೆ ಇಟ್ಟು ಮಲಗಿದರೆ ಬೆಳಿಗ್ಗೆಗೂ ಕೈಗೆ ಬಿಸಿ ತಾಗುತ್ತಿತ್ತು. ಹೊತ್ತಲ್ಲದ ಹೊತ್ತಿಗೆ ಯಾರಾದರೂ ಬಂದರೂ ಬಿಸಿ ಊಟ. ಅಷ್ಟರಲ್ಲಿ ಗುಡ್ಡದ ತಲೆ ಬೋಳಾಯಿತು. ಇದ್ದಿಲು ಗುಡ್ಡ ತಿಂದಿತು, ಇನ್ನು ಗ್ಯಾಸಿನಲ್ಲಿ ಬೇಯಿಸಿ ಅಂತ ಪೇಟೆಯಿಂದ ಜನ ಬಂದು ಹೇಳಿದರು. ಅದೇನು ಸುಳ್ಳಲ್ಲ, ಬೋಳು ಕಣ್ಣಿಗೆ ಕಾಣುತ್ತದೆ. ಆದರೆ ಗ್ಯಾಸಿನಲ್ಲಿ ನೆರೆಯವರಿಗೆ ಕೊಡಲು ಏನಿದೆ? ಒಂದು ಸುತ್ತು ತಿರುಗಿಸಿದರೆ ಹತ್ತುತ್ತದೆ, ಇನ್ನೊಂದು ಸುತ್ತಿಗೆ ಆರುತ್ತದೆ, ಯಾರೂ ಯಾರ ಮನೆಗೂ ಹೋಗಬೇಕಾಗಿಲ್ಲ.

ಒದಾನಿ ಗ್ಯಾಸಿನ ಒಲೆ ತಂದಳು. ಹಳೆಯ ತಗಡಿನ ಒಲೆಗೆ ಮಣ್ಣು ತುಂಬಿ ತುಳಸಿಯ ಜಾತಿಯ ಒಂದು ಗಿಡ ನೆಟ್ಟಳು. ಮರುದಿನದಿಂದಲೇ ಕೆಂಡಕ್ಕೆ ಬರುವುದು ನಿಂತಿತು. ಬೇಕು ಅಂತ ನಿಲ್ಲಿಸಿದ್ದಲ್ಲ, ಪಾಪ. ಬೇಕಾಗಲಿಲ್ಲ, ಬರಲಿಲ್ಲ. ಆದರೆ ಮೆರ್ಸೀಲಿಯಾಗೆ ಬೆಳಗು ಅಂದರೇ ಒದಾನಿಯ "ಮಾನ!" ಆಗಿತ್ತು. ಕೆಂಡಕ್ಕೆ ಬಂದವರದ್ದು ಅವಸರ ಅಂತ ಮಾತಿದೆ. ಒದಾನಿಯದ್ದು ಯಾವ ಅವಸರವೂ ಅಲ್ಲ. ಕರಟದಲ್ಲಿ ಕೆಂಡ ಹಾಕಿಸಿಕೊಂಡು, ಕುಕ್ಕರುಗಾಲಿನಲ್ಲಿ ಕೂತು, ಕಾಫಿ ಕುಡಿದು, ಪೇಟೆಯ ಸುದ್ದಿ, ಬಸುರಿಯರ ಸುದ್ದಿ, ಯಾರ ಮೇಕೆ ಯಾರ ಗೆಣಸು ತಿಂದಿತು ಅನ್ನುವ ಸುದ್ದಿ ಮುಗಿಸುವಷ್ಟರಲ್ಲಿ ಕೆಂಡ ಆರಿ, ಇನ್ನೊಂದು ಹಾಕಿಸಿಕೊಂಡು ಏಳುತ್ತಿದ್ದಳು. ಅದು ನಿಂತಿತು. ಮೆರ್ಸೀಲಿಯಾ ಹೊಸ್ತಿಲಲ್ಲಿ ಕೂತು ಖಾಲಿ ಅಂಗಳ ನೋಡುವಳು. ಅವಳ ಎದೆಯಲ್ಲಿ ಏನಾಗುತ್ತಿತ್ತು ಅಂತ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಹೇಳಲು ಬಾರದ್ದು ಬಾಯಿಂದ ಹೊರಬಿದ್ದರೆ ಅನಾಹುತವೇ ಆಗುವುದು.

ಆಗಿದ್ದೂ ಹಾಗೇ. ಆ ವರ್ಷ ಸತ್ತವರ ಹಬ್ಬಕ್ಕೆ ಒದಾನಿ ಗಂಡನಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿದಳು. ಜೋಳದ ಹಿಟ್ಟಿನ ಮುದ್ದೆ, ಬಾಳೆಕಾಯಿ, ಒಣಮೀನು, ಪಕ್ಕಕ್ಕೆ ಒಂದು ಲೋಟ ರಮ್ಮು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಎಡೆ ಇಟ್ಟಳು. ಗುಡ್ಡದವರೆಲ್ಲ ಬಂದು ನಿಂತಿದ್ದರು. ಮೆರ್ಸೀಲಿಯಾ ಮೂಗು ಮೇಲೆ ಮಾಡಿ ಒಮ್ಮೆ ಗಾಳಿ ಎಳೆದುಕೊಂಡಳು.

"ಹೊಗೆ ವಾಸನೇನೇ ಇಲ್ವಲ್ಲ ಕೊಮೆ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಸತ್ತೋರಿಗೆ ಕಣ್ಣು ಕಾಣಲ್ಲ, ಹೊಗೆ ಹಿಡ್ಕೊಂಡೇ ದಾರಿ ಹುಡುಕ್ತಾರೆ. ಅಂತೆನೋರ್ ಬರಲ್ಲ ಬಿಡು. ಈ ಗ್ಯಾಸಿನ ಅಡಿಗೇನ ಅವನು ಮೂಸಿ ನೋಡೋದೂ ಇಲ್ಲ."

ಯಾರೋ ಕಿಸಕ್ಕನೆ ನಕ್ಕರು. ಒದಾನಿ ನಗಲಿಲ್ಲ. ಮೇಜಿನ ಬಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇನ್ನು ಈ ಕೈ ಇದ್ದಿಲು ಮುಟ್ಟಿದ್ರೆ ಮುರಿದು ಬೀಳ್ಲಿ. ನಿನ್ನ ಹೊಸ್ತಿಲು ತುಳಿದ್ರೆ ಕಾಲು ಮುರಿದು ಬೀಳ್ಲಿ," ಅಂದಳು. ಕೊಮೆ ಅನ್ನಲಿಲ್ಲ. ಮೆರ್ಸೀಲಿಯಾ ಅಂತಲೂ ಅನ್ನಲಿಲ್ಲ.

ಅದು ಹೋದ ವರ್ಷದ ಮಾತು. ಆಮೇಲಿನ ಹೊಸ ವರ್ಷದ ಬೆಳಿಗ್ಗೆ ಮೆರ್ಸೀಲಿಯಾ ಸಿಹಿಗುಂಬಳದ ಸಾರು ಒಂದು ಬಟ್ಟಲು ಹಿಡಿದು ಅಂಗಳ ದಾಟಿ ಹೋಗಿ, "ಮಾನ!" ಅಂದಳು. ಒಳಗೆ ಪಾತ್ರೆ ಸದ್ದಾಗುತ್ತಿತ್ತು, ಉತ್ತರ ಬರಲಿಲ್ಲ. ಉತ್ತರ ಬಾರದೆ ಹೇಗೆ ಒಳಗೆ ಹೋಗುವುದು? ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಬಂದಳು. ಮಧ್ಯಾಹ್ನಕ್ಕೆ ಒದಾನಿಯ ಕೋಳಿ ಅದರಲ್ಲಿ ಕಾಲಿಟ್ಟುಕೊಂಡು ನಿಂತಿತ್ತು. ಹೊಸ ವರ್ಷ ಕೋಳಿಗೆ ಬಂತು. ಅಲ್ಲಿಂದ ಇಲ್ಲಿಯವರೆಗೆ ಇಬ್ಬರ ನಡುವೆ ಒಂದು ಮಾತಿಲ್ಲ. ಒಂದೇ ಅಂಗಳ, ಒಂದೇ ಬಾವಿ, ಒಂದೇ ಬಟ್ಟೆ ಹಗ್ಗ. ಈ ವರ್ಷದ ಸತ್ತವರ ಹಬ್ಬಕ್ಕೆ ಒದಾನಿಯ ಮನೆಯಲ್ಲಿ ಎಡೆಯ ಸುಳಿವೇ ಕಾಣಲಿಲ್ಲ. ನನ್ನ ಕಣ್ಣಿಗೆ ಬೀಳಬಾರದು ಅಂತ ಒಳಗೇ ಇಟ್ಟುಕೊಂಡಳು, ಎಂಥ ಜಂಬ ಅಂದುಕೊಂಡಳು ಮೆರ್ಸೀಲಿಯಾ.

ವರ್ಷದ ಕೊನೆಯ ದಿನ ಇದ್ದಿಲು ಮಾರುವ ಮೆಸಿದೋರ್ ಕತ್ತೆ ಹೊಡೆದುಕೊಂಡು ಬಂದ. ಅವನ ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಬಿಳಿ ಕಾಣುತ್ತಿರಲಿಲ್ಲ, ಅಷ್ಟು ಮಸಿ.

"ಚಿಕ್ಕಮ್ಮಾ, ಎರಡು ಚೀಲ ಇಳಿಸ್ಲಾ? ಪೇಟೇಲಿ ನನ್ನ ಕತ್ತೇಗೆ ಈಗ ರಾಜಮರ್ಯಾದೆ. ಗ್ಯಾಸಿನ ಲಾರಿ ಬಂದಿಲ್ಲ. ರಸ್ತೇಗೆ ಟೈರು ಸುಟ್ಟು ಅಡ್ಡ ಹಾಕಿದಾರೆ. ನಿನ್ನೆವರೆಗೂ ಮೂಗು ಮುಚ್ಕೊಳ್ತಿದ್ದ ಮೇಡಮ್ಮುಗಳು ಇವತ್ತು ಕತ್ತೆ ಹಿಂದೆ ಓಡ್ತಿದಾರೆ."

"ಒಂದು ಇಳಿಸು ಸಾಕು," ಅಂದ ಮೆರ್ಸೀಲಿಯಾ ದನಿ ತಗ್ಗಿಸಿದಳು. "ಆ ಕಡೆಗೂ ಕೇಳು."

"ಕೇಳ್ದೇ ಬಿಡ್ತೀನಾ?" ಮೆಸಿದೋರ್ ಆಚೆ ಬದಿಗೆ ಹೋಗಿ "ಮಾನ!" ಅಂದ. ಒದಾನಿಯ "ಮರ್ಯಾದೆ!" ಕೇಳಿಸಿತು. ಮೆರ್ಸೀಲಿಯಾ ಚೀಲ ಹಿಡಿದುಕೊಂಡೇ ನಿಂತು ಆ ಒಂದು ಪದ ಕೇಳಿಸಿಕೊಂಡಳು. ಇದ್ದಿಲಿನವನಿಗೆ ಸಿಕ್ಕಿದ್ದು ತನಗಿಲ್ಲ.

"ಬೇಡ ಕಣಪ್ಪ," ಅನ್ನುತ್ತಿದ್ದಳು ಒದಾನಿ. "ನನ್ನ ಸಿಲಿಂಡರಲ್ಲಿ ಇನ್ನೂ ಇದೆ."

"ಅಲ್ಲಾಡ್ಸಿ ನೋಡಿದ್ಯಾ? ಮಧ್ಯದಲ್ಲಿ ಕೈ ಕೊಟ್ರೆ?"

"ಕೊಟ್ರೆ ಕೊಡ್ಲಿ. ಇದ್ದಿಲು ಮುಟ್ಟಲ್ಲ ಅಂದಿದೀನಿ, ಮುಟ್ಟಲ್ಲ."

ಮೆಸಿದೋರ್ ವಾಪಸು ಬಂದು ಕತ್ತೆಯ ಹಗ್ಗ ಬಿಚ್ಚುತ್ತ, "ನಿಮ್ಮಿಬ್ಬರ ಹಟಾನ ಮಡಕೇಗೆ ಹಾಕಿ ಬೇಯಿಸಿದ್ರೆ ಊರಿಗೆಲ್ಲ ಸಾರಾಗುತ್ತೆ," ಅಂದ. ಮೆರ್ಸೀಲಿಯಾ ಅವನನ್ನು ಬೈದಳು. ಬೈಯಲು ಒಬ್ಬರಾದರೂ ಸಿಕ್ಕರು ಅಂತ ಒಳಗೊಳಗೇ ಹಗುರವೂ ಆಯಿತು.

ಹೊಸ ವರ್ಷದ ಬೆಳಿಗ್ಗೆ ನಮ್ಮಲ್ಲಿ ಸಿಹಿಗುಂಬಳದ ಸಾರು ಕುಡಿಯದ ಮನೆ ಇಲ್ಲ. ನಮ್ಮ ಹಿರಿಯರು ಗುಲಾಮರಾಗಿದ್ದಾಗ ಒಡೆಯರಿಗೆ ಬೇಯಿಸಿ ಬಡಿಸಿ, ತಾವು ನಾಲಿಗೆಗೆ ಮುಟ್ಟಿಸದೆ ಇದ್ದ ಸಾರು ಅದು. ಬಿಡುಗಡೆಯಾದದ್ದು ಒಂದು ಹೊಸ ವರ್ಷದ ದಿನ, ಅವತ್ತಿನಿಂದ ಕುಡಿಯುತ್ತಲೇ ಬಂದಿದ್ದೇವೆ. ಬಡವ ಬಲ್ಲಿದ ಅಂತಿಲ್ಲ. ಅವತ್ತು ಸಾರಿಲ್ಲದ ಮನೆ ಅಂದರೆ ದೀಪವಿಲ್ಲದ ಮನೆ.

ಮೆರ್ಸೀಲಿಯಾ ಬೆಳಗಾಗುವ ಮೊದಲೇ ಎದ್ದು ಮಾಂಸವನ್ನು ನಿಂಬೆಹುಳಿಯಲ್ಲಿ ತಿಕ್ಕಿ ತೊಳೆದು, ಲವಂಗ, ಸೊಪ್ಪು, ಖಾರದ ಮೆಣಸು ಹಾಕಿ ಒಲೆಗೇರಿಸಿದಳು. ಕುಂಬಳ ಬೇಯಿಸಿ ಕಿವುಚಿದಳು. ಬೀಸಣಿಗೆಯಿಂದ ಗಾಳಿ ಹಾಕುತ್ತ, ಕಿವಿಯನ್ನು ಅಂಗಳದ ಆಚೆಗೆ ಇಟ್ಟುಕೊಂಡಳು. ಒದಾನಿಯ ಒಲೆಯೂ ಹತ್ತಿತು. ಬುಸ್ಸೆಂಬ ಸದ್ದು ಈ ಬದಿಗೂ ಕೇಳುತ್ತಿತ್ತು. ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಹೊತ್ತು ಮೂಡುವಷ್ಟರಲ್ಲಿ ಬುಸ್ಸೆನ್ನುವುದು ಸಣ್ಣಗಾಯಿತು, ಎರಡು ಸಲ ಪುಕ್ ಪುಕ್ ಅಂದಿತು, ನಿಂತಿತು. ಆಮೇಲೆ ಟಿಕ್, ಟಿಕ್, ಟಿಕ್ ಅಂತ ಗುಂಡಿ ತಿರುಗಿಸುವ ಸದ್ದು. ಸಿಲಿಂಡರನ್ನು ಅಡ್ಡ ಮಲಗಿಸಿ ಉರುಳಿಸುವ ಸದ್ದು. ಮತ್ತೆ ಟಿಕ್. ಆಮೇಲೆ ಏನೂ ಇಲ್ಲ.

ಮೆರ್ಸೀಲಿಯಾಳ ಕೈಯ ಬೀಸಣಿಗೆ ನಿಂತಿತು. ನಿಜ ಹೇಳಬೇಕು, ಮೊದಲು ಅವಳಿಗೆ ಖುಷಿಯೇ ಆಯಿತು. ಈಗ ಬರುತ್ತಾಳೆ! ಬರದೆ ಎಲ್ಲಿ ಹೋಗುತ್ತಾಳೆ, ಇವತ್ತು ಹೊಸ ವರ್ಷ, ಅರ್ಧ ಬೆಂದ ಸಾರು ಒಲೆಯ ಮೇಲಿದೆ. ಚೀಲದಿಂದ ಗಟ್ಟಿ ಇದ್ದಿಲು ಆರಿಸಿ ಹಾಕಿ, ಊದಿ, ಕೆಂಪಗೆ ಹೊಳೆಯುವ ಕೆಂಡವೊಂದನ್ನು ಅಂಚಿಗೆ ಸರಿಸಿದಳು. ಬಂದಾಗ ಏನು ಹೇಳಬೇಕು ಅಂತಲೂ ಯೋಚಿಸಿದಳು. "ಬಾ ಕೊಮೆ, ಕಾಫಿ ಕುಡಿ." ಅಷ್ಟೇ. ಹಳೆಯದನ್ನು ಎತ್ತಬಾರದು. ಎರಡು ಲೋಟ ತೊಳೆದಿಟ್ಟಳು.

ಒದಾನಿ ಬರಲಿಲ್ಲ. ಮೆರ್ಸೀಲಿಯಾ ಕೆಮ್ಮಿದಳು. ಒಲೆಯನ್ನು ಅಂಗಳಕ್ಕೇ ಎಳೆದು ತಂದು ಜೋರಾಗಿ ಗಾಳಿ ಹಾಕಿ, ಸಾರಿನ ವಾಸನೆ ಆ ಕಡೆಗೆ ಹೋಗಲಿ ಅಂತ ಮುಚ್ಚಳ ತೆಗೆದಿಟ್ಟಳು. ಚರ್ಚಿಗೆ ಹೋಗುವವರು ನಾಲ್ಕಾರು ಮಂದಿ ದಾರಿಯಲ್ಲಿ ಹಾದುಹೋದರು. ಮೆಸಿದೋರ್ ತನ್ನ ಪಾಲಿನ ಬಟ್ಟಲು ಕುಡಿಯಲು ಬಂದ. ಇವತ್ತು ಮುಖ ತೊಳೆದಿದ್ದ, ಗುರುತು ಸಿಗಲಿಲ್ಲ.

"ಅವಳಿಗೆ ನೀನೇ ಒಂದು ಕೆಂಡ ಕೊಟ್ಟು ಬಾರಪ್ಪ," ಅಂದಳು ಮೆರ್ಸೀಲಿಯಾ.

"ಅಯ್ಯೋ ಮಾರಾಯ್ತಿ, ಕೇಳದ ಮನೇಗೆ ಕೆಂಡ ಹೊತ್ಕೊಂಡು ಹೋಗಿ ಹೊಸ ವರ್ಷದ ದಿನ ಪೊರಕೆ ಏಟು ತಿನ್ಲಾ? ನೀನೇ ಹೋಗು."

"ನಾನು ಹೋದ್ರೆ ಪೊರಕೆ ಅಲ್ಲ, ಒನಕೆ ತಗೋತಾಳೆ."

"ಹಾಗಾದ್ರೆ ಸಾರು ತಗೊಂಡು ಹೋಗು."

"ಹೋದ ವರ್ಷ ಹೋಗಿದ್ದೆ. ಕೋಳಿ ಕುಡೀತು."

ಮೆಸಿದೋರ್ ನಗುತ್ತ ಬಟ್ಟಲು ನೆಕ್ಕಿ ಎದ್ದು ಹೋದ. ಮತ್ತೆ ಅಂಗಳ ಖಾಲಿ. ಮೆರ್ಸೀಲಿಯಾ ಕೆಂಡಗಳ ಮೇಲೆ ಬೂದಿ ಎಳೆದು, ಸಾರು ಬಿಸಿ ಆರದ ಹಾಗೆ ಮಡಕೆಯನ್ನು ಅದರ ಮೇಲೆ ಕೂರಿಸಿದಳು. ತಾನಿನ್ನೂ ಒಂದು ಗುಟುಕೂ ಕುಡಿದಿರಲಿಲ್ಲ. ಅಂಚಿನ ಕೆಂಡ ಬೂದಿಯಾಯಿತು, ಇನ್ನೊಂದು ಇಟ್ಟಳು, ಅದೂ ಆಯಿತು.

ಬಿಸಿಲು ನೆತ್ತಿಗೆ ಬಂದಾಗ ಒದಾನಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಒಂದು ಒಣ ಬ್ರೆಡ್ಡು. ಈ ಕಡೆ ನೋಡಲಿಲ್ಲ. ನೋಡಬಾರದು ಅಂತಲೇ ಕೂತವರ ಹಾಗೆ ಕೂತು, ಬ್ರೆಡ್ಡನ್ನು ಚೂರು ಚೂರು ಮುರಿದು, ಬಾಯಿಗೆ ಹಾಕಿ, ನೀರು ಕುಡಿದು ನುಂಗುತ್ತಿದ್ದಳು. ಹೊಸ ವರ್ಷದ ದಿನ. ಮೆರ್ಸೀಲಿಯಾಗೆ ಬೆಳಿಗ್ಗೆಯ ಖುಷಿ ನೆನೆದು ನಾಚಿಕೆಯಾಯಿತು. ತಲೆಗೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಮುಖಕ್ಕೆ ಒತ್ತಿಕೊಂಡು ಅತ್ತಳು. ಸದ್ದು ಮಾಡಲಿಲ್ಲ. ಅಂಗಳ ಚಿಕ್ಕದು, ಕೇಳಿಸಿಬಿಡುತ್ತದೆ.

ಅಳು ನಿಂತ ಮೇಲೆ ತಲೆ ತಿಳಿಯಾಯಿತು. ತನ್ನ ಒಲೆ ಉರಿಯುವವರೆಗೆ ಅವಳು ಬರುವುದಿಲ್ಲ. ಇಲ್ಲಿ ಇದೆ, ಅಲ್ಲಿ ಇಲ್ಲ. ಬಂದರೆ ಸೋತು ಬಂದ ಹಾಗೆ. ಆಣೆ ಬೇರೆ ಹಾಕಿಕೊಂಡಿದ್ದಾಳೆ, ಪಾಪಿ. ತಾನು ಹೋಗೋಣ ಅಂದರೆ ಕೆಂಡ ಹಿಡಿದು ಹೋಗುವಂತಿಲ್ಲ, ಸಾರು ಹಿಡಿದು ಹೋದರೆ ಉತ್ತರ ಬರುವುದಿಲ್ಲ. ಉತ್ತರ ಕೊಡಲೇಬೇಕಾದದ್ದು ಒಂದೇ ಒಂದಕ್ಕೆ, ಕೆಂಡ ಕೇಳಿ ಬಂದವರ ಕೂಗಿಗೆ. ಆದರೆ ಮನೆಯಲ್ಲಿ ಒಲೆ ಉರಿಯುತ್ತಿರುವವಳು ಕರಟ ಹಿಡಿದು ಹೋದರೆ ಅದಕ್ಕಿಂತ ದೊಡ್ಡ ಅಣಕ ಇದೆಯೇ?

ಮೆರ್ಸೀಲಿಯಾ ಎದ್ದು ಮಡಕೆಯನ್ನು ಕೆಳಗಿಳಿಸಿದಳು. ಬಕೆಟ್ಟಿನ ನೀರನ್ನು ಎತ್ತಿ ಒಲೆಗೆ ಸುರಿದುಬಿಟ್ಟಳು.

ಛಿಸ್ಸಂತ ಬೂದಿ ಮೇಲೆದ್ದು ಮುಖ, ಕೂದಲು, ಹಬ್ಬಕ್ಕೆಂದು ಉಟ್ಟ ಬಿಳಿ ಲಂಗ ಎಲ್ಲದರ ಮೇಲೆ ಕೂತಿತು. ಕೆಂಡಗಳು ಕಪ್ಪಗಾದವು. ಸುಳ್ಳು ಆಗಬಾರದು ಅಂತ ಗೂಡಿನಲ್ಲಿದ್ದ ಬೆಂಕಿಪೊಟ್ಟಣವನ್ನೂ ತಂದು ಆ ಕೆಸರಿಗೆ ಹಾಕಿ ಕಾಲಿನಿಂದ ಅಮುಕಿದಳು. ಜನ್ಮದಲ್ಲಿ ಮೊದಲ ಸಲ ಅವಳ ಮನೆಯಲ್ಲಿ ಹಾಡುಹಗಲು ಒಂದು ಕಿಡಿಯೂ ಇರಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಕರಟ ತೆಗೆದು, ತಳಕ್ಕೆ ಬೂದಿ ಹಾಕಿಕೊಂಡು, ಅಂಗಳ ದಾಟಿದಳು. ಅಷ್ಟರಲ್ಲಿ ಒದಾನಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಿದ್ದಳು.

"ಮಾನ!" ಅಂದಳು ಮೆರ್ಸೀಲಿಯಾ.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ.

"ಕೆಂಡ ಕೇಳೋಕೆ ಬಂದಿದೀನಿ," ಅಂದಳು. "ನನ್ನ ಒಲೆ ಆರಿಹೋಯ್ತು. ಮಾನ!"

ಕೋಳಿ ಬಂದು ಅವಳ ಕಾಲ ಬಳಿ ಕೆದಕಿ ಹೋಯಿತು.

"ಮರ್ಯಾದೆ," ಅಂದಳು ಒದಾನಿ, ಹಲ್ಲು ಕಚ್ಚಿಕೊಂಡು. ಬಾಗಿಲು ತೆರೆಯಿತು.

ದೂರದಿಂದ ದಿನಾ ನೋಡುತ್ತಿದ್ದರೂ ಇಷ್ಟು ಹತ್ತಿರದಿಂದ ನೋಡಿ ವರ್ಷದ ಮೇಲಾಗಿತ್ತು. ಒದಾನಿ ಇಳಿದುಹೋಗಿದ್ದಳು. ಕತ್ತಿನ ಮೂಳೆ ಕಾಣುತ್ತಿತ್ತು. ಅವಳು ಮೆರ್ಸೀಲಿಯಾಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಆರಿಹೋಯ್ತಾ, ಆರಿಸಿದ್ಯಾ? ಛಿಸ್ ಅಂದಿದ್ದು ನಂಗೂ ಕೇಳಿಸ್ತು."

"ಆರಿಸಿದೆ."

"ಬೆಂಕಿ ಇಲ್ಲದ ಮನೇಗೆ ಬೆಂಕಿ ಕೇಳೋಕೆ ಬಂದಿದೀಯ. ತಲೆ ನೆಟ್ಟಗಿದೆಯಾ ನಿಂಗೆ?"

"ಇಲ್ಲ," ಅಂದಳು ಮೆರ್ಸೀಲಿಯಾ. "ಎಲ್ಲಿ ನೆಟ್ಟಗಿರುತ್ತೆ? ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ ನಂಗೆ. ದಿನಾ ನಿಂಗೆ ಅಂತ ಕೆಂಡ ತೆಗೆದಿಟ್ಟು ತೆಗೆದಿಟ್ಟು ಸಾಕಾಯ್ತು. ಬೈಯಿ, ಒನಕೆ ತಗೊಂಡು ಹೊಡಿ, ಏನಾದ್ರೂ ಮಾಡು."

ಒದಾನಿ ಬೈಯಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತ ನಿಂತಳು.

"ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡ," ಅಂದಳು ಕೊನೆಗೆ. "ಅವತ್ತು ಅಂತೆನೋರ್ ನಿಜವಾಗ್ಲೂ ಬರ್ಲಿಲ್ವಾ?"

ಮೆರ್ಸೀಲಿಯಾ ಬಯ್ಗುಳಕ್ಕೆ ಸಿದ್ಧಳಾಗಿ ಬಂದಿದ್ದಳು, ಶಾಪಕ್ಕೂ ಸಿದ್ಧಳಾಗಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ.

"ಹೊಗೆ ಇಲ್ದೆ ದಾರಿ ಸಿಗಲ್ಲ ಅಂದ್ಯಲ್ಲ," ಅಂದಳು ಒದಾನಿ. "ಎಷ್ಟು ದೂರದಿಂದ ಬಂದಿರ್ತಾನೋ. ಗುಡ್ಡದ ಎಲ್ಲರ ಮನೇಗೂ ಅವರವರು ಬಂದಿರ್ತಾರೆ, ಇವನೊಬ್ಬ ಅಂಗಳದಲ್ಲಿ ನಿಂತ್ಕೊಂಡು ಬಾಗಿಲು ಹುಡುಕಿ ಹುಡುಕಿ ಹಸ್ಕೊಂಡೇ ಹೋದ್ನಾ ಅಂತ. ಈ ವರ್ಷ ಎಡೆ ಇಡೋಕೇ ಕೈ ಬರ್ಲಿಲ್ಲ ನಂಗೆ. ಗ್ಯಾಸಲ್ಲಿ ಮಾಡಿದ್ರೆ ಬರಲ್ಲ. ಇದ್ದಿಲು ಮುಟ್ಟಲ್ಲ ಅಂತ ಅವನ ಎಡೆ ಮುಂದೇನೇ ಆಣೆ ಹಾಕಿಬಿಟ್ಟಿದೀನಿ. ಏನು ಮಾಡ್ಲಿ ನಾನು?"

ಹಾಗಾದರೆ ಇದು ಜಂಬವಲ್ಲ, ಕೋಪವೂ ಅಲ್ಲ. ಇಷ್ಟು ದಿನ ಈ ಹೆಂಗಸು ಅಂಗಳದ ಆಚೆ ಬದಿಯಲ್ಲಿ, ಗಂಡ ಹಸಿದು ಹೋದ ಅಂತ ಒಬ್ಬಳೇ ಕೂತಿದ್ದಳು. ಮೆರ್ಸೀಲಿಯಾ ಕರಟವನ್ನು ನೆಲಕ್ಕಿಟ್ಟು ಹೊಸ್ತಿಲ ಮೇಲೇ ಕುಸಿದಳು.

"ನಂಗೇನು ಗೊತ್ತೇ ಒದಾನಿ! ಸತ್ತೋರು ಬರೋದನ್ನ ಹೋಗೋದನ್ನ ನಾನು ಯಾವತ್ತು ನೋಡಿದೀನಿ? ನೀನು ಕೆಂಡಕ್ಕೆ ಬರೋದು ನಿಲ್ಸಿದ್ದೆ. ಅದಕ್ಕೆ ಹೊಟ್ಟೆಕಿಚ್ಚು. ಆ ಕಿಚ್ಚಿಗೆ ಬಾಯಿಗೆ ಬಂದಿದ್ದು ಒದರಿದೆ. ಅವನು ಬಂದಿರ್ತಾನೆ ಕೊಮೆ. ಬಂದು ತಿಂದಿರ್ತಾನೆ."

"ಬಂದಿರ್ತಾನೆ ಅಂತೀಯ. ಗೊತ್ತಿಲ್ಲ ಅಂತಾನೂ ಅಂತೀಯ."

"ಗೊತ್ತಿಲ್ಲ," ಅಂದಳು ಮೆರ್ಸೀಲಿಯಾ. ಸುಳ್ಳು ಹೇಳಬೇಡ ಅಂದಿದ್ದಳಲ್ಲ, ಇನ್ನೇನು ಹೇಳುವುದು?

ಒದಾನಿ ಬಂದು ಅದೇ ಹೊಸ್ತಿಲಲ್ಲಿ, ಇವಳಿಗೆ ಭುಜ ತಾಗುವ ಹಾಗೆ ಕೂತಳು.

"ಸಾರು ಇದೆಯಾ?"

"ಇದೆ. ಆರ್ತಾ ಇದೆ."

"ತಗೊಂಡ್ಬಾ."

ಮೆರ್ಸೀಲಿಯಾ ಓಡಿದಳು. ಆ ವಯಸ್ಸಿಗೆ ಓಡಬಾರದು, ಓಡಿದಳು. ಮಡಕೆಯನ್ನು ಬಟ್ಟೆಯಲ್ಲಿ ಹಿಡಿದು ತಂದಳು. ಒದಾನಿ ಒಳಗಿಂದ ಬಟ್ಟಲು ತಂದು ಸಾಲಾಗಿ ಇಟ್ಟಳು. ಎರಡಲ್ಲ, ಮೂರು. ಮೊದಲು ಮೂರನೆಯದಕ್ಕೆ ತುಂಬ ಬಡಿಸಿ, ಅದರಲ್ಲಿ ಒಳ್ಳೆಯ ಮಾಂಸದ ತುಂಡೊಂದನ್ನು ಹುಡುಕಿ ಹಾಕಿ, ಅಂಗಳದ ಕಡೆಗೆ ಮುಖ ಮಾಡಿ ಮೆಟ್ಟಿಲ ಮೇಲಿಟ್ಟಳು. ಆಮೇಲೆ ತಮ್ಮಿಬ್ಬರಿಗೆ ಬಡಿಸಿದಳು. ಸಾರಿನ ಮೇಲೆ ಕೊಬ್ಬು ಆಗಲೇ ಕೆನೆಗಟ್ಟಿತ್ತು.

"ಇದು ಇದ್ದಿಲಲ್ಲಿ ಬೆಂದಿದ್ದು ಅಲ್ವಾ?" ಅಂದಳು ಒದಾನಿ. ಮುಖದಲ್ಲಿ ಒಂದು ಆಸೆ ಇತ್ತು, ಮಗುವಿನ ಮುಖದಲ್ಲಿ ಇರುವ ಹಾಗೆ. "ಹೊಗೆ ವಾಸನೆ ಇದೆ. ಇದಕ್ಕೆ ಬರ್ತಾನೆ ಅಲ್ವಾ?"

ಒಂದು ಮಾತು ಆಡಿ ಅದನ್ನು ವಾಪಸು ನುಂಗಲು ಆಗುವುದಿಲ್ಲ ಅಂತ ಮೆರ್ಸೀಲಿಯಾಗೆ ಆಗ ಪೂರ್ತಿ ತಿಳಿಯಿತು.

"ಬರ್ತಾನೆ," ಅಂದಳು.

"ಹಾಗಾದ್ರೆ ತಡಿ," ಅಂದಳು ಒದಾನಿ. ಇಬ್ಬರೂ ಚಮಚ ಕೈಯಲ್ಲಿ ಹಿಡಿದುಕೊಂಡು, ಮೊದಲು ಅವನು ಉಣ್ಣಲಿ ಅಂತ ಕಾಯುತ್ತ ಕೂತರು.